ಅಕ್ಷರವಿಲ್ಲದ ನಾಲ್ಕು ಪುಟ

ಮೊನ್ನೆ ಧಾರವಾಡದಿಂದ ಬಸ್ ಹಿಡಿದು ಹುಬ್ಬಳ್ಳಿಗೆ ಹೋಗಿ, ಪುಸ್ತಕದ ಅಂಗಡಿಯವರ ಜೊತೆ ಜಗಳ ಮಾಡಿ ಬಂದೆ. ಅದೊಂದೇ ಕೆಲಸಕ್ಕೆ ಹೋಗಿದ್ದೆ!

"ಕಡೀ ನಾಲ್ಕು ಪುಟದಾಗ ಅಕ್ಷರನ ಬಂದಿಲ್ರಿ. ಬರೇ ಚಿತ್ರ ಅದಾವ. ಬ್ಯಾರೆ ಕಾಪಿ ಕೊಡ್ರಿ," ಎಂದೆ.

ಅವರು ಇನ್ನೊಂದು ಪ್ರತಿ ತೆಗೆದರು. ಅದರಲ್ಲೂ ಅಷ್ಟೇ. "ಅಕ್ಕಾರ, ಅದು ಇರೂದ ಹಂಗರಿ. ಓದೂದಲ್ಲ, ನೋಡೂದು," ಎಂದು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಎಂ.ಎ. ಮಾಡಿದವಳಿಗೆ ಚಿತ್ರ ನೋಡುವುದನ್ನು ಇವರು ಕಲಿಸಬೇಕೆ?

ವಿಷಯ ಇಷ್ಟೇ. ಕಾಲೇಜಿನ ದಿನಗಳಲ್ಲಿ ಹೆದರಿ ಹೆದರಿ ಓದಿದ್ದ ಒಂದು ಇಂಗ್ಲಿಷ್ ದೆವ್ವದ ಪತ್ತೇದಾರಿ ಕಾದಂಬರಿ ಈಗ ಗ್ರಾಫಿಕ್ ನಾವೆಲ್ ಆಗಿ ಬಂದಿದೆ. (ಕಾಮಿಕ್ಸ್ ಅನ್ನಬೇಡಿ. ನಾನು ಅಂದು ಬೈಸಿಕೊಂಡಿದ್ದೇನೆ.) ಒಂದು ಹಳೇ ಬಂಗಲೆ, ಐದು ಜನರ ಕುಟುಂಬ, ದಿನಾ ಸಂಜೆ ಮೆಟ್ಟಿಲ ಮೇಲೆ ಯಾರದೋ ಹೆಜ್ಜೆ ಸಪ್ಪಳ. ಪತ್ತೆ ಹಚ್ಚಲು ಬರುವವಳು ಒಬ್ಬ ಗಟ್ಟಿಗಿತ್ತಿ. ಹೆದರಿದ್ದೆಲ್ಲ ನೆನಪಿತ್ತು, ಕೊನೆ ಮಾತ್ರ ಮರೆತೇ ಹೋಗಿತ್ತು.

ಏನು ಚಿತ್ರಗಳು ಅಂತೀರಿ! ಇಡೀ ಪುಟಕ್ಕೆ ಒಂದೇ ಮೆಟ್ಟಿಲಸಾಲು, ಅದರ ತುದಿಗೆ ಕಾಡಿಗೆಯಂಥ ಕತ್ತಲು. ಪುಟ ತಿರುಗಿಸಲು ಕೈ ಬರಲಿಲ್ಲ, ತಿರುಗಿಸದೆ ಇರಲೂ ಆಗಲಿಲ್ಲ. ಒಲೆಯ ಮೇಲೆ ಹಾಲು ಉಕ್ಕಿ ಹರಿದಿದ್ದು ವಾಸನೆ ಬಂದಮೇಲೆಯೇ ಗೊತ್ತಾಗಿದ್ದು.

ಆದರೆ ಕೊನೆಗೆ? ಆ ಪತ್ತೇದಾರಿಣಿಯ ಕೈ ಒಂದು ಕಪ್ ಚಹಾ ಇಡುತ್ತದೆ. ಆಮೇಲೆ ಖಾಲಿ ಕುರ್ಚಿ, ಖಾಲಿ ಕಪ್. ಮುಗಿಯಿತು! ದೆವ್ವ ಯಾರು? ಯಾಕೆ ಬರುತ್ತಿತ್ತು? ಒಂದಕ್ಷರವಿಲ್ಲ.

ಶನಿವಾರ ನಮ್ಮ ಓದುಗರ ಬಳಗದಲ್ಲಿ ಇದೇ ಪುಸ್ತಕದ ಮೇಲೆ ಮಾತನಾಡುತ್ತೇನೆಂದು ಜಂಬದಿಂದ ಒಪ್ಪಿಕೊಂಡಿದ್ದೆ. ಕೊನೆಯೇ ತಿಳಿಯದೆ ಏನು ಮಾತನಾಡಲಿ? ಹನ್ನೆರಡು ಜನರೆದುರು ಮಾನ ಹೋಗುವುದು ಗ್ಯಾರಂಟಿ ಅನ್ನಿಸಿತು.

ಶುಕ್ರವಾರ ಮಧ್ಯಾಹ್ನ ನೋಡುತ್ತೇನೆ, ನಮ್ಮ ಅತ್ತೆ ಅದೇ ಪುಸ್ತಕ ಹಿಡಿದು ಕುಳಿತಿದ್ದಾರೆ. ಇಂಗ್ಲಿಷಿನ ಗಂಧಗಾಳಿಯೂ ಇಲ್ಲ. ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಒಂದೊಂದು ಪುಟಕ್ಕೆ ಹತ್ತು ನಿಮಿಷ.

"ಏನರೆ ತಿಳೀತ್ರಿ, ಅತ್ಯಾರ?" ಎಂದೆ, ತುಸು ಚೇಷ್ಟೆಯಿಂದಲೇ.

"ತಿಳೀಲಾರದ್ದೇನೈತಿ ಇದರಾಗ? ಈ ಮೂಲ್ಯಾಗ ಕುಂತಾಳಲ್ಲ ಮುದುಕಿ, ಈಕಿನ ದೆವ್ವ."

ಯಾವ ಮುದುಕಿ? ನಾನು ನೋಡಿಯೇ ಇರಲಿಲ್ಲ! ಅವಳಿಗೆ ಒಂದೂ ಡೈಲಾಗ್ ಇಲ್ಲವಲ್ಲ. ನಾನೋ, ಬಾಯಿಂದ ಬಾಯಿಗೆ ಹಾರುತ್ತ ಬರೀ ಮಾತು ಓದಿಕೊಂಡು ಓಡಿದ್ದೆ.

"ನೋಡಿಲ್ಲೆ. ಎಲ್ಲಾರ ಮುಂದೂ ಕಪ್ಪು-ಬಶಿ ಅದಾವ. ಈಕಿಗಷ್ಟ ಇಲ್ಲ. ಮೊದಲಿನಿಂದ ನೋಡಾಕತ್ತೇನಿ, ಒಮ್ಮೆನೂ ಕೊಟ್ಟಿಲ್ಲ. ಜೀವಂತ ಇದ್ದಾಕಿಗೆ ಚಾ ಕೊಡದ ಕುಡೀತಾರೇನು? ಕಡೀಕ ಆ ಹುಡುಗಿ ಕೊಟ್ಲು. ಕುಡದು, ಸಮಾಧಾನ ಆಗಿ ಹೋದ್ಲು, ಪಾಪ."

ಪುಸ್ತಕ ಕಸಿದುಕೊಂಡು ಮೊದಲಿನಿಂದ ನೋಡಿದೆ. ಹೌದು, ಪ್ರತಿ ಚಹಾದ ಹೊತ್ತಿಗೂ ಮುದುಕಿ ಬಂದು ಕುಳಿತಿದ್ದಾಳೆ, ಕೈಕಟ್ಟಿಕೊಂಡು. ಸುಳ್ಳೇಕೆ ಹೇಳಲಿ, ಕಣ್ಣು ತುಂಬಿ ಬಂತು. ಎಂಥಾ ಚೆಂದದ ಪುಸ್ತಕ, ಅದನ್ನು ನಾನು ಮಿಸ್‌ಪ್ರಿಂಟ್ ಅಂದುಬಿಟ್ಟಿದ್ದೆ!

ಶನಿವಾರ ಅತ್ತೆಯನ್ನೂ ಕರೆದುಕೊಂಡು ಹೋದೆ. ಕಪ್ಪಿನ ಗುಟ್ಟು ಬಿಚ್ಚಿಟ್ಟಾಗ ಚಪ್ಪಾಳೆಯೋ ಚಪ್ಪಾಳೆ.

"ಭಾಳ ಸೂಕ್ಷ್ಮ ನೋಡ್ತೀರಿ ಬಿಡ್ರಿ!" ಎಂದರು ಬಳಗದ ಹಿರಿಯರೊಬ್ಬರು.

"ಹಂಗೇನಿಲ್ರಿ, ಹಿಂಗ ಕಣ್ಣಿಗೆ ಬಿತ್ತು," ಎಂದೆ. (ಯಾರ ಕಣ್ಣಿಗೆ ಎಂದು ಹೇಳಲಿಲ್ಲ. ಹೇಳಬೇಕಿತ್ತು, ಗೊತ್ತು. ಬೈಯಬೇಡಿ.) ಅತ್ತೆ ಹಿಂದಿನ ಸಾಲಿನಲ್ಲಿ ಕೈಕಟ್ಟಿಕೊಂಡು ಕುಳಿತಿದ್ದರು.

ಚಹಾ ಬಂತು, ಸದಸ್ಯರಿಗೆಷ್ಟೋ ಅಷ್ಟೇ ಕಪ್. ಹೊಗಳಿಕೆ ಕೇಳುತ್ತ ನಾನು ನನ್ನದನ್ನು ಕುಡಿದು ಮುಗಿಸಿದೆ. ಹೊರಡೋಣವೆಂದು ಅತ್ತೆಯ ಹತ್ತಿರ ಹೋದರೆ, ಅವರ ಕೈ ಖಾಲಿ.

ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದರು: "ಅಲ್ಲವ್ವಾ, ನಾ ಯಾವಾಗ ಸತ್ತೆ?"