ಗೊತ್ತಿರುವವನನ್ನು ಕೇಳಿದ ರಾಯರು

ದೇವರನ್ನು ಕೇಳದೆ ಒಂದು ಜೊತೆ ಚಪ್ಪಲಿಯನ್ನೂ ಕೊಂಡವರಲ್ಲ ನಮ್ಮ ಪಕ್ಕದ ಮನೆಯ ವೆಂಕೋಬರಾಯರು. ಸ್ನಾನ ಮುಗಿಸಿ ಒದ್ದೆ ಪಂಚೆಯಲ್ಲೇ ದೇವರ ಮನೆ ಹೊಕ್ಕು, ಹನುಮಂತನ ಕಲ್ಲಿನ ವಿಗ್ರಹದ ಎರಡು ಭುಜಕ್ಕೂ ನೀರಿನಲ್ಲಿ ಅದ್ದಿದ ಒಂದೊಂದು ಹೂವು ಅಂಟಿಸಿ ಕೂರುತ್ತಿದ್ದರು. ಬಲಗಡೆಯದು ಮೊದಲು ಬಿದ್ದರೆ ಆಗಬಹುದು, ಎಡಗಡೆಯದಾದರೆ ಬೇಡ. ಹೂವು ಬೀಳುವವರೆಗೆ ಮನೆಯಲ್ಲಿ ಯಾರೂ ಬಾಗಿಲು ಜೋರಾಗಿ ಹಾಕುವಂತಿಲ್ಲ. ರೈಲ್ವೆಯ ಗೂಡ್ಸ್ ಆಫೀಸಿಗೆ ಅವರು ತಡವಾಗಿ ಹೋಗುತ್ತಿದ್ದುದೂ ಹೂವು ಬೀಳದ ದಿನಗಳಲ್ಲೇ.

ಜಯನಗರದಲ್ಲಿ ಆಗ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ಸಂಜೆಯಾದರೆ ನರಿಗಳ ಕೂಗು. "ಈ ಕಾಡಲ್ಲಿ ಬಂದು ಯಾಕೆ ಮನೆ ಕಟ್ಟಿದ್ರಿ ರಾಯರೇ?" ಎಂದು ನಮ್ಮ ತಂದೆ ಕೇಳಿದರೆ, "ನಾನೆಲ್ಲಿ ಕಟ್ಟಿದೆ ಸ್ವಾಮಿ? ಬಲಗಡೆ ಹೂ ಆಯ್ತು" ಎನ್ನುತ್ತಿದ್ದರು. ಅವರ ಮಗಳು ವನಜ ನನ್ನ ಗೆಳತಿ. "ಇವತ್ತು ಹುಳೀನಾ ಸಾರಾ, ಹನುಮಪ್ಪನ್ನ ಕೇಳಿ ಹೇಳಿ" ಎಂದು ಅವಳು ರೇಗಿಸಿದರೆ ರಾಯರೂ ನಗುತ್ತಿದ್ದರು. ಆಮೇಲೆ ತಮ್ಮ ಮಾಮೂಲಿ ಮಾತು ಹೇಳುತ್ತಿದ್ದರು: "ನಾಳೆ ಏನು ಅಂತ ನನಗೆ ಗೊತ್ತಿಲ್ಲ, ಅವನಿಗೆ ಗೊತ್ತು. ಗೊತ್ತಿರೋನನ್ನ ಬಿಟ್ಟು ನಾನ್ಯಾಕೆ ಕತ್ತಲಲ್ಲಿ ತಡಕಾಡ್ಲಿ?"

ವನಜಳಿಗೆ ಎರಡು ಸಂಬಂಧ ಬಂದವು. ಒಬ್ಬ ತುಮಕೂರಿನ ಸ್ಕೂಲ್ ಮೇಷ್ಟ್ರು, ಇನ್ನೊಬ್ಬ ಬಳ್ಳಾರಿ ಕಡೆಯ ವಕೀಲ. ಅವಳ ಮನಸ್ಸು ಮೇಷ್ಟ್ರ ಕಡೆಗಿತ್ತು. ವಕೀಲನ ವಿಷಯಕ್ಕೆ ಹೂವು ಇಟ್ಟ ದಿನ ನಾನು ಅಲ್ಲೇ ಇದ್ದೆ. ವನಜ ದೇವರ ಮನೆಯ ಹೊಸಿಲಲ್ಲಿ ನಿಂತು ತಂದೆಗೆ ಹೇಳಿದಳು: "ಅಣ್ಣಾ, ಅವನನ್ನ ಕೇಳೋಕ್ ಮುಂಚೆ ನನ್ನ ಒಂದು ಮಾತು ಕೇಳಬಾರದಾ?"

ರಾಯರು ಗದರಲಿಲ್ಲ. "ನಿನ್ನ ಒಳ್ಳೇದು ಯಾವುದು ಅಂತ ನಿನಗೆ ಗೊತ್ತಾ ಮಗು? ನನಗಾದ್ರೂ ಗೊತ್ತಾ?" ಎಂದರು. ಅಷ್ಟರಲ್ಲಿ ಬಲಗಡೆಯ ಹೂವು ಬಿತ್ತು. ಅವರ ಕಣ್ಣಲ್ಲಿ ನೀರು ಬಂತು. ವನಜ ಒಳಗೆ ಹೋದಳು.

ವಕೀಲನಿಗೆ ಕ್ಷಯವಿತ್ತು. ಅವನ ಮನೆಯವರು ಮುಚ್ಚಿಟ್ಟಿದ್ದರು. ಎರಡು ವರ್ಷ ತುಂಬುವ ಮೊದಲೇ ಅವನು ಸತ್ತ. ವನಜ ಅದೇ ಕೆಮ್ಮು ಹೊತ್ತು ತವರಿಗೆ ಬಂದಳು. ಹೊಸ ಇಂಜೆಕ್ಷನ್ ಕೊಡಿಸಿದರು. ಅಷ್ಟು ಹೊತ್ತಿಗೆ ಕಾಲ ಮೀರಿತ್ತು. ನನ್ನನ್ನು ಒಳಗೆ ಬಿಡುತ್ತಿರಲಿಲ್ಲ, ಕಿಟಕಿಯ ಸರಳಿನ ಆಚೆ ಈಚೆ ನಿಂತು ಮಾತಾಡುತ್ತಿದ್ದೆವು. "ಅಣ್ಣನ್ನ ಯಾರೂ ಏನೂ ಅನ್ನಬೇಡಿ ಲಲಿತಾ. ಅವರು ಪಾಪ, ಬರೀ ಕೇಳಿದ್ರು" ಎಂದಳು ಒಂದು ದಿನ. ಮಾಘ ಮಾಸದಲ್ಲಿ ತೀರಿಕೊಂಡಳು.

ಸಮಾಧಾನ ಹೇಳಲು ರಾಯರ ಭಾವಮೈದ, ವೇದಾಂತ ಓದಿದ ಆಚಾರ್ಯರು, ಬಸವನಗುಡಿಯಿಂದ ಬಂದರು. "ಭಾವ, ಅವನಿಗೆ ಎಲ್ಲಾ ಮೊದಲೇ ಗೊತ್ತಿರತ್ತೆ, ನಿಜ. ಹಾಗಂತ ಅವನು ಮಾಡಿಸಿದ ಅಂತಲ್ಲ. ರೈಲು ಬರತ್ತೆ ಅಂತ ಸ್ಟೇಷನ್ ಮಾಸ್ತರಿಗೆ ಗೊತ್ತು. ರೈಲು ಓಡಿಸೋನು ಅವನಾ?"

ರಾಯರು ಹೇಳಿದರು: "ಮುಂದೆ ಹಳಿ ಮುರಿದಿದೆ ಅಂತ ಮಾಸ್ತರಿಗೆ ಗೊತ್ತು. ಹೋಗಲಾ ಅಂತ ಡ್ರೈವರ್ ಕೇಳ್ತಾನೆ. ಮಾಸ್ತರು ಹಸಿರು ಬಾವುಟ ತೋರಿಸ್ತಾನೆ. ಆಗ?"

ಆಚಾರ್ಯರು ಶಲ್ಯ ಸರಿಮಾಡಿಕೊಂಡರು. ಪ್ರಾರಬ್ಧ ಎಂದೇನೋ ಶುರುಮಾಡಿ, ಮುಗಿಸದೆ ಎದ್ದರು.

ಎಲ್ಲರೂ ಅಂದುಕೊಂಡಂತೆ ರಾಯರು ಪೂಜೆ ಬಿಡಲಿಲ್ಲ. ಹೂವು ಕೇಳುವುದನ್ನು ಮಾತ್ರ ಬಿಟ್ಟರು. "ಅವನ ಮೇಲೆ ಸಿಟ್ಟು ಬರಲ್ವಾ ನಿಮಗೆ?" ಎಂದು ನಾನೇ ಒಮ್ಮೆ ಕೇಳಿದೆ.

"ವಿಗ್ರಹ ಎತ್ತಿ ಬಾವಿಗೆ ಹಾಕೋಣ ಅಂತ ಕೈ ಹಾಕಿದ್ದೆ ಮಗು. ಇದೂ ಅವನಿಗೆ ಮೊದಲೇ ಗೊತ್ತಿರತ್ತೆ ಅನ್ನಿಸ್ತು. ಹಾಕಿದ್ರೂ ಗೊತ್ತು, ಹಾಕದೆ ಇದ್ರೂ ಗೊತ್ತು. ನನ್ನ ಸಿಟ್ಟಾದ್ರೂ ನಂದಾ?"

ದೇವರನ್ನು ಕೇಳದ ಮೇಲೆ ತಾವಾಗಿ ಏನನ್ನಾದರೂ ನಿರ್ಧರಿಸುವುದೂ ಅವರಿಂದ ಆಗಲಿಲ್ಲ. ತರಕಾರಿ ಗಾಡಿಯ ಮುಂದೆ ಒಂದು ಬದನೆಕಾಯಿ ಹಿಡಿದು ಹಾಗೇ ನಿಂತುಬಿಡುತ್ತಿದ್ದರು. ಹೆಂಡತಿ ರುಕ್ಮಿಣಮ್ಮ ಬಂದು ಕೈಹಿಡಿದು ಮನೆಗೆ ಕರೆದೊಯ್ಯುತ್ತಿದ್ದರು. ಆಕೆಯೂ ಹೋದ ಮೇಲೆ ಊಟಕ್ಕೆ ಕೂಡಾ ಯಾರಾದರೂ ಏಳಿ ಎನ್ನಬೇಕಿತ್ತು.

ನಾನು ಸ್ಕೂಲಿನಲ್ಲಿ ಮೇಡಂ ಆಗಿ ಕೆಲಸಕ್ಕೆ ಸೇರಿ, ಸೈಟುಗಳೆಲ್ಲ ಮನೆಗಳಾಗಿದ್ದ ಕಾಲ. ಒಂದು ಬೆಳಿಗ್ಗೆ ನಾನಿದ್ದ ಮಾರ್ಕೆಟ್ ಬಸ್ಸು ನಿಂತಾಗ ರಾಯರು ಸ್ಟಾಪಿನಲ್ಲಿದ್ದರು. ಕಂಬಿ ಹಿಡಿದರು, ಮೆಟ್ಟಿಲ ಮೇಲೆ ಕಾಲಿಟ್ಟರು, ಮತ್ತೆ ಕೆಳಗಿಳಿಸಿದರು.

"ಬರ್ತೀರೋ ಇಲ್ವೋ ಸ್ವಾಮಿ?" ಕಂಡಕ್ಟರ್ ಕೂಗಿದ.

"ಗೊತ್ತಿಲ್ಲಪ್ಪ."

ಬಸ್ಸಿನಲ್ಲಿದ್ದವರು ನಕ್ಕರು. ನಾನು ಕಿಟಕಿಯಿಂದ ಬಗ್ಗಿ, "ರಾಯರೇ, ನಾನು ಲಲಿತಾ. ಬನ್ನಿ, ಇಲ್ಲಿ ಜಾಗ ಇದೆ" ಎಂದೆ.

ಅವರು ತಲೆ ಎತ್ತಿದರು. ಗುರುತು ಸಿಕ್ಕಿತು. ಆದರೆ ಮುಖದಲ್ಲಿ ಕಂಡದ್ದು ಭಯ.

"ಕರೀಬೇಡಮ್ಮಾ," ಎಂದರು. "ಕರೆದ್ರೆ ಬಂದ್ಬಿಡ್ತೀನಿ."

ಕಂಡಕ್ಟರ್ ಗಂಟೆ ಎಳೆದ. ನಾನು ಮತ್ತೆ ಕರೆಯಲಿಲ್ಲ.