ಕುಂಬಳಕಾಯಿ ಒಡೆದ ತಿರುವು

ಗಂಗಾನಗರದ ನಮ್ಮ ಬೀದಿಯ ತಿರುವಿನಲ್ಲಿ ಪಕ್ಕದ ಮನೆಯಾಕೆ ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡಾಗ, ಅತಿವೇಗವೇ ಕಾರಣವೆಂದು ಎಲ್ಲರೂ ತೀರ್ಮಾನಿಸಿದರು. ನಾನು ಒಪ್ಪಲಿಲ್ಲ, ಆಕೆಯ ಸ್ಕೂಟರಿನ ಚಕ್ರಕ್ಕೆ ಕುಂಬಳದ ಬೀಜಗಳು ಅಂಟಿದ್ದವು.

ಮುಂದಿನ ಅಮಾವಾಸ್ಯೆಯ ಬೆಳಿಗ್ಗೆ ಮೂಲೆಯ ಅಂಗಡಿಯವರು ದೃಷ್ಟಿ ತೆಗೆದು, ಅಲ್ಲಿಯೇ ಮತ್ತೊಂದು ಬೂದುಗುಂಬಳ ಒಡೆದರು. ರಾತ್ರಿಪಾಳಿ ಮುಗಿಸಿದ ನನ್ನ ಮಗಳು ಸ್ಕೂಟರಿನಲ್ಲಿ ಮರಳುವ ಹೊತ್ತು ಅದು. ನಾನು ಪೊರಕೆ ಹಿಡಿದು ರಸ್ತೆಗಿಳಿದೆ.

“ಮುಟ್ಬೇಡಿ ಸಾರ್, ದೃಷ್ಟಿ ನಿಮ್ಗೇ ತಗಲುತ್ತೆ!” ಎಂದು ಅಂಗಡಿಯವರು ಕೂಗಿದರು.

“ತಗಲ್ಲಿ ಬಿಡ್ರೀ. ಮಗಳು ಬರೋ ಹೊತ್ತಾಯ್ತು, ಒಂದ್ ಬಕೆಟ್ ಮಣ್ಣು ತನ್ನಿ!”

ಅವರು ನಕ್ಕರು, ಕದಲಲಿಲ್ಲ. ತಿರುಳು ಇನ್ನೂ ಅರ್ಧ ಉಳಿದಿರುವಾಗಲೇ ಮಗಳು ತಿರುವಿನಲ್ಲಿ ಕಾಣಿಸಿದಳು. ಪೊರಕೆಯನ್ನು ಅಡ್ಡ ಹಿಡಿದೆ. ನಿಧಾನವಾಗಿಯೇ ಬರುತ್ತಿದ್ದರೂ, ಬ್ರೇಕ್ ಒತ್ತಿದೊಡನೆ ಚಕ್ರ ಒಂದು ಮೊಳ ಜಾರಿತು, ಕಾಲೂರಿ ಉಳಿದಳು.

ಅಂಗಡಿಯವರು ಬಕೆಟ್ ಹುಡುಕುತ್ತ ಒಳಗೆ ಓಡಿದರು.