ಸಿಗಾರ್ ಪೆಟ್ಟಿಗೆಯ ಮೂರು ತಂತಿ

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆಲೂರು, ಸಕಲೇಶಪುರ ಕಡೆಯ ಎಸ್ಟೇಟುಗಳಲ್ಲಿ ಪಂಪು, ಮೋಟಾರು ರಿಪೇರಿ ಮಾಡಿ ಬದುಕಿದ್ದೇನೆ. ನಾನು ಬಿಚ್ಚಿದ ಯಂತ್ರ ಓಡದೆ ಉಳಿದದ್ದಿಲ್ಲ. ಇದನ್ನು ಜಂಬದಿಂದಲೇ ಹೇಳುತ್ತೇನೆ.

ಒಂದು ಎಸ್ಟೇಟಿನ ಬಂಗಲೆಗೆ ಬಂದ ನೆಂಟರು ಯಾರೋ ಬಿಟ್ಟುಹೋದ ಸಿಗಾರ್ ಪೆಟ್ಟಿಗೆ ಅಲ್ಲಿನ ಸ್ಟೋರಿನ ಕಸದಲ್ಲಿ ಬಿದ್ದಿತ್ತು. ತೆಳು ಮರ, ತಟ್ಟಿದರೆ ಒಳ್ಳೆಯ ದನಿ. ಅಂಥದಕ್ಕೆ ಕೋಲು ಸೇರಿಸಿ ಗಿಟಾರು ಮಾಡುವುದನ್ನು ಮೊಬೈಲಿನಲ್ಲಿ ನೋಡಿದ್ದೆ. ಸಿಲ್ವರ್ ಓಕ್ ಮರದ ಪಟ್ಟಿಯನ್ನು ಉಜ್ಜಿ ಅದರೊಳಗೆ ತೂರಿಸಿದೆ, ಹಾಸನದಿಂದ ಮೂರು ತಂತಿ ತಂದು ಬಿಗಿದೆ. ಕಿರುಬೆರಳಿಗೆ ಪೈಪಿನ ತುಂಡು ತೊಟ್ಟು ತಂತಿಯ ಮೇಲೆ ಜಾರಿಸಿದೆ. ಪೆಟ್ಟಿಗೆಯ ಕಡೆಗೆ ಜಾರಿಸಿದಷ್ಟೂ ದನಿ ಏರುತ್ತಿತ್ತು.

"ಏನ್ರೀ ಅದು, ಕರ ತಾಯ್ನ ಕರ್ದಂಗೈತೆ!" ಎಂದು ಹೆಂಡತಿ ನಕ್ಕಳು.

ಅವಳು ಮದುವೆ ಮನೆಗಳಲ್ಲಿ ಸೋಬಾನೆ ಪದ ಹೇಳುವವಳು. ನನಗೆ ಕಲಿಸಿದ್ದೂ ಅವಳೇ. ಜಗಲಿಯಲ್ಲಿ ಅಕ್ಕಿ ಆರಿಸುತ್ತಾ, "ಅಲ್ಲಲ್ಲ, ಅಲ್ಲಿ ಏರ್ಬೇಕು. ನೀವು ಇಳ್ದ್‌ಬುಟ್ರಿ," ಎನ್ನುವಳು. ನನಗೆ ರೇಗುತ್ತಿತ್ತು. ಮತ್ತೆ ನುಡಿಸುತ್ತಿದ್ದೆ.

ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅವಳು ತಪ್ಪು ಹಿಡಿಯುವುದು ನಿಂತಿತು. ಅಂತೂ ಕಲಿತುಬಿಟ್ಟೆ ಎಂದು ಬೀಗಿದೆ. ಕುಂದೂರಿನ ಮದುವೆಯೊಂದರಲ್ಲಿ ಹೆಂಗಸರೆಲ್ಲ ಒಂದು ಪದ ಹೇಳುತ್ತಿದ್ದರೆ ಇವಳು ಬೇರೊಂದನ್ನು ಎತ್ತಿದಳು. ಎಲ್ಲರೂ ತಿರುಗಿ ನೋಡಿದರೂ ಇವಳು ಹಾಡುತ್ತಲೇ ಇದ್ದಳು. ಆಗ ತಿಳಿಯಿತು. ನಾನು ಕಲಿತಿರಲಿಲ್ಲ, ಅವಳಿಗೆ ಕೇಳುತ್ತಿರಲಿಲ್ಲ.

ಕಿವಿಯ ನರ ಸೋತಿದೆ ಎಂದರು ಡಾಕ್ಟರು. ಕಿವಿಗೆ ಕೊಟ್ಟ ಮಿಷನ್ನನ್ನು, "ಬರೀ ಗುಂಯ್ ಅಂತೈತೆ," ಎಂದು ತೆಗೆದಿಟ್ಟಳು. ಆಮೇಲೆ ಹಾಡುವುದನ್ನೂ ಬಿಟ್ಟಳು.

ದನಿ ಮುಟ್ಟದಿದ್ದರೆ ದನಿಯನ್ನೇ ದೊಡ್ಡದು ಮಾಡಬೇಕು, ನನ್ನ ಲೆಕ್ಕ ಅಷ್ಟೇ. ಬಾಳ್ಳುಪೇಟೆಯ ರೇಡಿಯೋ ರಿಪೇರಿ ಅಂಗಡಿಗೆ ಹೋಗಿ ಒಂದು ಪಿಕಪ್ ಬೇಕು ಎಂದೆ.

"ಪಿಕಪ್ ಬಾಡ್ಗೆಗಾ? ಅಗೋ ಅಲ್ಲಿ ಸ್ಟ್ಯಾಂಡಾಗೆ ನಿಂತವೆ ನೋಡು ಮಾರಾಯ," ಎಂದ ಅಂಗಡಿಯವನು.

"ಗಾಡಿಯಲ್ಲ ಕಣೋ, ತಂತಿ ದನಿ ಹಿಡಿಯೋದು!"

ನಗು ನಿಂತ ಮೇಲೆ ಅವನು ಒಂದು ಹಳೆಯ ರಿವರ್ಸ್ ಹಾರನ್ ಒಡೆದು ಅದರೊಳಗಿನ ಹಿತ್ತಾಳೆ ಬಿಲ್ಲೆ ತೆಗೆದುಕೊಟ್ಟ. "ತಗಾ, ಇದೂ ಪಿಕಪ್ಪಿಂದೇ."

ಅದುರನ್ನು ಹಿಡಿಯುವ ಆ ಬಿಲ್ಲೆಗೆ ವೈರು ಬೆಸೆದು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿ, ಹಳೆಯ ಮೈಕ್‌ಸೆಟ್ಟಿನ ಆಂಪ್ಲಿಫೈಯರಿಗೆ ಕೊಟ್ಟೆ. ಮೊದಲು ಬೆರಳು ತಾಕಿದರೂ ಗುಡುಗುತ್ತಿತ್ತು. ಬಿಲ್ಲೆಯ ಕೆಳಗೆ ಸೈಕಲ್ ಟ್ಯೂಬಿನ ರಬ್ಬರು ಕೊಟ್ಟೆ, ನೆಲಕ್ಕೆ ಅರ್ತ್ ವೈರು ಎಳೆದೆ. ದನಿ ತಿಳಿಯಾಯಿತು.

ಒಂದು ಇಳಿಹೊತ್ತು ಅವಳನ್ನು ಜಗಲಿಯಲ್ಲಿ ಎದುರಿಗೆ ಕೂರಿಸಿಕೊಂಡು, ಆಂಪ್ಲಿಫೈಯರು, ಸ್ಪೀಕರು ಎರಡನ್ನೂ ಅವಳ ಬೆನ್ನ ಹಿಂದಿಟ್ಟು, ಅವಳದೇ ಸೋಬಾನೆ ಪದ ನುಡಿಸಿದೆ. ಹೆಂಚು ಅದುರಿತು.

"ಏನಣ್ಣೋ, ಆನೆ ಓಡ್ಸಾಕಾ?" ಎಂದು ಪಕ್ಕದ ಮನೆಯವನು ಬೇಲಿಯಾಚೆಯಿಂದ ಕೂಗಿದ.

ಅವಳು ನನ್ನ ಕೈಯನ್ನೇ ನೋಡುತ್ತಾ ತಲೆದೂಗುತ್ತಿದ್ದಳು. ಮುಟ್ಟಿತು ಎಂದುಕೊಂಡೆ.

ಅಷ್ಟರಲ್ಲಿ ಕರೆಂಟು ಹೋಯಿತು. ಅವಳ ಹಿಂದಿದ್ದ ಆಂಪ್ಲಿಫೈಯರಿನ ಕೆಂಪು ದೀಪ ಆರಿತು. ಪೆಟ್ಟಿಗೆಯಲ್ಲಿ ಉಳಿದದ್ದು ಸೊಳ್ಳೆಯಷ್ಟು ದನಿ. ನಾನು ಕೈ ನಿಲ್ಲಿಸಲಿಲ್ಲ. ಅವಳ ತಲೆಯೂ ನಿಲ್ಲಲಿಲ್ಲ. ಅದೇ ತೂಗು, ಅದೇ ತಾಳ.

"ಈಗ ಚೆನ್ನಾಗ್ ಕೇಳ್ತೈತೆ ಕಣ್ರೀ," ಎಂದಳು.

ಯಾರ ಕನಿಕರವನ್ನೂ ಹತ್ತಿರ ಬಿಟ್ಟುಕೊಂಡವನಲ್ಲ ನಾನು. ಅವಳದನ್ನು ತೆಗೆದುಕೊಂಡೆ. ಪದ ಏರುವ ಜಾಗ ಬಂದಾಗ ಪೈಪಿನ ತುಂಡನ್ನು ಅವಳಿಗೆ ಕಾಣುವ ಹಾಗೆ, ನಿಧಾನಕ್ಕೆ, ಪೆಟ್ಟಿಗೆಯ ಕಡೆಗೆ ಜಾರಿಸಿದೆ.